ಐತಾರ ಒಪ್ಪತೀನಿ, ಸೋಮವಾರ ಒಪ್ಪಂಗಿಲ್ಲ

"ಟೂರಿಸಂ ಓದಿ ಏನಾಗ್ತೀಯವ್ವಾ, ಗೈಡಾ?"

2022ರಲ್ಲಿ ಬೆಂಗಳೂರಿಗೆ ಎಂಟಿಟಿಎಂ ಓದಲು ಹೊರಟಾಗ ಚಿಂಚೋಳಿಯ ನಮ್ಮ ಓಣಿಯಲ್ಲಿ ಕಡಿಮೆ ಅಂದ್ರೂ ಹತ್ತು ಮಂದಿ ನನ್ನನ್ನು ಹೀಗೆ ಕೇಳಿದ್ದರು. ಎಂಟಿಟಿಎಂ ಅಂದ್ರೆ ಪ್ರವಾಸೋದ್ಯಮದ ಸ್ನಾತಕೋತ್ತರ ಪದವಿ, ಎರಡು ವರ್ಷ, ನಾಲ್ಕು ಸೆಮಿಸ್ಟರು ಅಂತ ಬಿಡಿಸಿ ಹೇಳಿದರೆ, "ಹೌದೌದು, ಅದೇ ಗೈಡು" ಅಂತ ತಲೆಯಾಡಿಸುತ್ತಿದ್ದರು. ಮದುವೆಗೆ ಮೊದಲು ಮಗಳು ಒಂದಿಷ್ಟು ಊರು ತಿರುಗ್ಯಾಡಿ ಬರಲಿ ಅನ್ನೋದು ಅವ್ವನ ಲೆಕ್ಕ. ಅಪ್ಪ ಮಾತ್ರ ನಕ್ಕು, "ಮೂವತ್ತು ವರ್ಷ ಮಂದೀನ ಇಲ್ಲಿಂದ ಅಲ್ಲಿಗಿ ಒಯ್ದೀನಿ, ನನಗ್ಯಾರೂ ಡಿಗ್ರಿ ಕೊಡಲಿಲ್ಲ. ನೀ ತಗೊಂಡ್ ಬಾ" ಅಂದ.

ಅಪ್ಪ ಬಸ್ ಕಂಡಕ್ಟರ್ ಆಗಿದ್ದವನು. ಕೆಎಸ್‌ಆರ್‌ಟಿಸಿಗೆ ಸೇರಿದ, ಅದು ಈಶಾನ್ಯ ಸಾರಿಗೆ ಆಯ್ತು, ಆಮೇಲೆ ಕಲ್ಯಾಣ ಕರ್ನಾಟಕ ಸಾರಿಗೆ ಆಗುವ ಹೊತ್ತಿಗೆ ನಿವೃತ್ತಿ. "ಕುಂತ ಸೀಟಿನ್ಯಾಗೇ ಮೂರು ಕಂಪನಿ ಬದಲ್ ಮಾಡೀನಿ" ಅಂತ ಈಗಲೂ ಜೋಕು ಹೊಡೆಯುತ್ತಾನೆ.

ಕ್ಲಾಸಿನಲ್ಲಿ ಮೊದಲ ದಿನ ಎಲ್ಲರೂ ತಮ್ಮ ಜಿಲ್ಲೆ ಮತ್ತು ಅಲ್ಲಿನ ಒಂದು ಪ್ರವಾಸಿ ತಾಣ ಹೇಳಬೇಕಿತ್ತು. ಕೊಡಗು, ಚಿಕ್ಕಮಗಳೂರು, ಗೋಕರ್ಣ, ಹಂಪಿ ಎಲ್ಲ ಸಲೀಸಾಗಿ ದಾಟಿ ನನ್ನ ಸರದಿ ಬಂತು. "ಕಲಬುರಗಿ" ಅಂದೆ. ಹಿಂದಿನ ಬೆಂಚಿನಿಂದ ಒಬ್ಬ, "ಬಿಸಿಲು ಬಿಟ್ರೆ ಅಲ್ಲೇನಿದೆ?" ಅಂದ. ಎಲ್ಲ ನಕ್ಕರು. ನಾನೂ ನಕ್ಕೆ, ಅದೇ ಬೇಜಾರು.

ಹೇಳಬೇಕಾದ್ದು ಬೇಕಾದಷ್ಟಿತ್ತು. ಸೇಡಂ ಪಕ್ಕದ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ಕವಿರಾಜಮಾರ್ಗ ಹುಟ್ಟಿದ್ದು ನೃಪತುಂಗನ ಆ ಆಸ್ಥಾನದಲ್ಲಿ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ ಸಿಕ್ಕ ಶಿಲ್ಪದ ಮೇಲೆ "ರಾಯ ಅಸೋಕೋ" ಅಂತ ಹೆಸರು ಕೆತ್ತಿದೆ. ಅಶೋಕನನ್ನು ಹೆಸರು ಸಮೇತ ತೋರಿಸುವ ಶಿಲ್ಪ ಅದು. ನಿಮ್ಮ ಮನೆಯ ಹಳೇ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ನಮ್ಮ ಕಡೆಯದ್ದು. ರಾತ್ರಿ ರೈಲಿನಲ್ಲಿ ಅರೆನಿದ್ದೆಗಣ್ಣಲ್ಲಿ ನೋಡಿದ ವಾಡಿ ಜಂಕ್ಷನ್ ಕೂಡ ನಮ್ಮದೇ. ನನ್ನ ಊರಿನಿಂದ ಬೈಕಿನಲ್ಲಿ ಅರ್ಧ-ಮುಕ್ಕಾಲು ತಾಸು ಹೋದರೆ ಚಂದ್ರಂಪಳ್ಳಿ. ಗುಡ್ಡಗಳ ನಡುವೆ ಜಲಾಶಯ, ಸುತ್ತ ಕಾಡು. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮ, 134.88 ಚದರ ಕಿಲೋಮೀಟರ್. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಧಾಮ ಅಂತ ಅದನ್ನು ಕರೆಯುತ್ತಾರೆ. ತೇಗ, ರಕ್ತಚಂದನ, ತೋಳ, ಕತ್ತೆಕಿರುಬ, ಕೃಷ್ಣಮೃಗ. ಮಳೆಗಾಲದಲ್ಲಿ ಎತ್ತಿಪೋತ ಜಲಪಾತ ಧುಮುಕುವಾಗ ನೋಡಿದರೆ ನಮ್ಮದು ಬಿಸಿಲನಾಡು ಅಂತ ಯಾರೂ ಹೇಳಲಾರರು.

ಇದೆಲ್ಲ ಆವತ್ತು ನಾಲಿಗೆಗೆ ಬರಲಿಲ್ಲ. ಹಾಸ್ಟೆಲ್‌ಗೆ ಹೋದ ಮೇಲೆ ಬಂತು. ಎಲ್ಲರಿಗೂ ಹಾಗೇ ಆಗೋದು, ಅಲ್ವಾ?

ಅದಕ್ಕೇ ದಸರಾ ರಜೆಗೆ ಊರಿಗೆ ಬಂದಾಗ ಒಂದು ರೀಲ್ ಮಾಡಿದೆ. ಚಂದ್ರಂಪಳ್ಳಿ ಗುಡ್ಡದ ಮೇಲೆ ನಿಂತು, ತುಂಬಿದ ಜಲಾಶಯ, ಮೋಡ, ಹಸಿರು, ಒಂದು ಟ್ರೆಂಡಿಂಗ್ ಹಾಡು. ಹತ್ತೊಂಬತ್ತು ಸೆಕೆಂಡು. "ಇದು ಮಲೆನಾಡಲ್ಲ, ನಮ್ಮ ಕಲಬುರಗಿ" ಅಂತ ಮೇಲೆ ಅಕ್ಷರ. ಲೊಕೇಶನ್ ಹಾಕಿದೆ. ಹಿಂದಿನ ಬೆಂಚಿನವನಿಗೂ ಕಳಿಸಿದೆ.

ಅದು ಓಡಿತು ನೋಡಿ. ನನ್ನ ಉಳಿದ ರೀಲುಗಳಿಗೆ ಅಕ್ಕನ ಮಕ್ಕಳು ಮಾತ್ರ ಲೈಕ್ ಒತ್ತುತ್ತಿದ್ದರು. ಇದು ಲಕ್ಷ ದಾಟಿತು. ಯಾರ್ಯಾರೋ ತಮ್ಮ ಪೇಜಿಗೆ ಎತ್ತಿಕೊಂಡರು. ಹೈದರಾಬಾದಿನ ಒಬ್ಬ "ಸಿಟಿಯಿಂದ ಬರೀ ಮೂರು ತಾಸು" ಅಂತ ಸೇರಿಸಿ ತೆಲುಗಿನಲ್ಲಿ ಹಾಕಿದ. ನಾನು ಕ್ಲಾಸಿನಲ್ಲಿ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಓದಿನ ಬಗ್ಗೆಯೂ ಸ್ವಲ್ಪ ಹೇಳಬೇಕು, ಯಾಕಂದ್ರೆ ಈ ಕೋರ್ಸ್ ಅಂದ್ರೆ ಊರೂರು ಸುತ್ತೋದು ಅಂತ ಬಹಳ ಮಂದಿ ತಿಳಿದಿದ್ದಾರೆ. ಮೊದಲ ವರ್ಷ ಸುತ್ತಿದ್ದು ಕಡಿಮೆ, ಕೂತದ್ದೇ ಜಾಸ್ತಿ. ಅಕೌಂಟ್ಸು, ಮಾರ್ಕೆಟಿಂಗು, ವಿಮಾನ ಟಿಕೆಟ್ ಮಾಡುವ ಸಾಫ್ಟ್‌ವೇರು, ಊರಿಗೊಂದರಂತೆ ಮೂರಕ್ಷರದ ಕೋಡು. "ಪ್ರವಾಸಿ" ಅಂದ್ರೆ ಯಾರು ಅನ್ನೋದಕ್ಕೇ ಒಂದು ವಾರ. ತನ್ನ ದಿನನಿತ್ಯದ ಪರಿಸರ ಬಿಟ್ಟು ಹೋಗಿ ಕನಿಷ್ಠ ಒಂದು ರಾತ್ರಿಯಾದರೂ ತಂಗಿದವ ಪ್ರವಾಸಿ. ಅದೇ ದಿನ ತಿರುಗಿ ಬಂದರೆ ಅವನು ಬರೀ ದಿನದ ಭೇಟಿಗಾರ, ಲೆಕ್ಕದ ಪುಸ್ತಕದಲ್ಲಿ ಬೇರೆ ಕಾಲಮ್ಮು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮವ್ವ ಓಣಿಯ ಹೆಂಗಸರ ಜೊತೆ ಗಾಣಗಾಪುರಕ್ಕೆ ಹೋಗಿ ಸಂಜೆ ಬಂದಳು, ಜೀವನದಲ್ಲಿ ಮೊದಲ ಸಲ ಅಪ್ಪನನ್ನು ಕೇಳದೆ. ನನ್ನ ಪುಸ್ತಕದ ಪ್ರಕಾರ ಅವ್ವ ಪ್ರವಾಸಿಯಲ್ಲ.

ಮೂರನೇ ಸೆಮಿಸ್ಟರ್‌ನಲ್ಲಿ "ಸುಸ್ಥಿರ ಪ್ರವಾಸೋದ್ಯಮ" ಅನ್ನೋ ಪೇಪರ್ ಬಂತು. ಅಲ್ಲಿಂದ ನನಗೆ ಓದು ರುಚಿಸಿತು. ನಿಜ ಹೇಳಬೇಕಂದ್ರೆ ಹೆದರಿಕೆಯೂ ಶುರುವಾಯ್ತು.

1987ರ ಬ್ರುಂಟ್‌ಲ್ಯಾಂಡ್ ವರದಿ, 2002ರ ಕೇಪ್‌ಟೌನ್ ಘೋಷಣೆ, ವಿಶ್ವಸಂಸ್ಥೆ 2017ನ್ನು ಸುಸ್ಥಿರ ಪ್ರವಾಸೋದ್ಯಮ ವರ್ಷ ಅಂತ ಕರೆದದ್ದು ಎಲ್ಲ ಪರೀಕ್ಷೆಗೆ ಬರುವ ಪ್ರಶ್ನೆ, ಓದಿ ಮುಗಿಸಿದೆ. ನನ್ನ ನಿದ್ದೆ ಕೆಡಿಸಿದವರು ಇಬ್ಬರು. ಒಬ್ಬ ಬಟ್ಲರ್. ಪ್ರವಾಸಿ ತಾಣಕ್ಕೂ ಹುಟ್ಟು-ಸಾವು ಇದೆ ಅಂತ 1980ರಲ್ಲಿ ಬರೆದವನು. ಮೊದಲು ನಾಲ್ಕು ಮಂದಿ ಹುಡುಕಿಕೊಂಡು ಬರ್ತಾರೆ, ಊರವರು ಚಾ-ಊಟ ಕೊಡ್ತಾರೆ. ಆಮೇಲೆ ಹೊರಗಿನ ಬಂಡವಾಳ ಬರುತ್ತೆ, ಜನ ಮುಗಿಬೀಳ್ತಾರೆ, ಜಾಗ ದಣಿಯುತ್ತೆ. ಇನ್ನೊಬ್ಬ ಡಾಕ್ಸಿ, 1975ರವನು. ಅವನು ನೋಡಿದ್ದು ಜಾಗವನ್ನಲ್ಲ, ಊರವರ ಮನಸ್ಸನ್ನು. ಮೊದಲು ಖುಷಿ, ಆಮೇಲೆ ಉದಾಸೀನ, ಆಮೇಲೆ ಕಿರಿಕಿರಿ, ಕೊನೆಗೆ ದ್ವೇಷ. ಬೋರ್ಡಿನ ಮೇಲೆ ಈ ನಾಲ್ಕು ಶಬ್ದ ನೋಡುತ್ತಾ ಕೂತಾಗ ನನಗೆ ರಸ್ತೆ ತಿರುವಿನಲ್ಲಿ ಚಾ ಮಾರುವ ಯಾಡಿ ನೆನಪಾದಳು.

ಡಿಸರ್ಟೇಶನ್‌ಗೆ ಚಂದ್ರಂಪಳ್ಳಿಯನ್ನೇ ಆರಿಸಿಕೊಂಡೆ. ಗೈಡ್ ಮೇಡಂ, "ಡೇಟಾ ಸಿಗಲ್ಲ, ಹಂಪಿ ತಗೋ" ಅಂದರು. ಹಂಪಿ ಮೇಲೆ ಬರೆದವರು ಒಂದು ಲೈಬ್ರರಿ ತುಂಬ ಇದ್ದಾರೆ ಮೇಡಂ ಅಂದೆ. ಒಪ್ಪಿದರು.

2023ರ ನವೆಂಬರ್‌ನಲ್ಲಿ ಪ್ರಶ್ನಾವಳಿ ಕಟ್ಟು ಹಿಡಿದು ಊರಿಗೆ ಬಂದೆ. ಒಬ್ಬಳೇ ಕಾಡಿನ ದಾರಿಯಲ್ಲಿ ಕೂರೋದು ಅವ್ವನಿಗೆ ಒಪ್ಪಿಗೆಯಿಲ್ಲ. ಅಪ್ಪ ಟಿಫಿನ್ ಡಬ್ಬಿ, ಟವೆಲ್ಲು, ಹಳೇ ಕಂಡಕ್ಟರ್ ಬ್ಯಾಗು ಹಿಡಿದು ಜೊತೆಗೆ ಹೊರಟ. ತಿರುವಿನ ಬೇವಿನಮರದ ಕೆಳಗೆ ನಮ್ಮ ಠಿಕಾಣಿ. ನನ್ನ ಕೆಲಸ ಬಂದವರನ್ನು ಮಾತಾಡಿಸೋದು. ಅಪ್ಪನ ಕೆಲಸ ಎಣಿಸೋದು. ಕಾರಿನ ಕನ್ನಡಿ ಏರಿಸಿದ್ದರೂ ಒಳಗೆ ಎಷ್ಟು ತಲೆ ಅಂತ ಒಂದು ನೋಟಕ್ಕೆ ಹೇಳುತ್ತಿದ್ದ. "ಐದೂವರಿ" ಅನ್ನುತ್ತಿದ್ದ, ತೊಡೆ ಮೇಲೆ ಕೂಸಿದ್ದರೆ. ಅರ್ಧ ಟಿಕೆಟ್ಟಿನ ಅಭ್ಯಾಸ.

ಯಾಡಿ ಅಂದ್ರೆ ಲಂಬಾಣಿ ಮಾತಿನಲ್ಲಿ ತಾಯಿ. ತಾಂಡಾದ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದರು, ನಾವೂ ಹಾಗೇ ಕರೆದೆವು. ಅರವತ್ತು ದಾಟಿದ ಹೆಂಗಸು. ಮಗ-ಸೊಸೆ ಪುಣೆಗೆ ಗುಳೆ ಹೋಗಿದ್ದರು, ಕಟ್ಟಡ ಕೆಲಸಕ್ಕೆ. ಏಳು ವರ್ಷದ ಮೊಮ್ಮಗ, ನಾಲ್ಕು ಆಡು, ಒಂದು ಸೀಮೆಎಣ್ಣೆ ಡಬ್ಬಿಯಷ್ಟು ಅಗಲದ ಚಾ ಅಂಗಡಿ ಅವಳ ಪಾಲಿಗೆ. ಅಪ್ಪನನ್ನು ಅವಳು ಹಿಂದೆಯೇ ಬಲ್ಲವಳು. "ಕಂಡಕ್ಟರ್ ಸಾಬ, ನಿಮ್ ಬಸ್ಸಿನ್ಯಾಗ ಆಡು ಹತ್ತಿಸಿದ್ದಕ್ಕ ಲಗೇಜ್ ತಗೊಂಡಿದ್ರಿ" ಅಂತ ಮೊದಲ ದಿನವೇ ಇಪ್ಪತ್ತು ವರ್ಷ ಹಿಂದಿನ ಬಾಕಿ ತೆಗೆದಳು.

ನನ್ನ ಪ್ರಶ್ನಾವಳಿ ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಹುಟ್ಟಿ ಪುಸ್ತಕದ ಕನ್ನಡಕ್ಕೆ ಬಂದಿತ್ತು. "ಪ್ರವಾಸೋದ್ಯಮವು ತಮ್ಮ ಜೀವನಮಟ್ಟವನ್ನು ಸುಧಾರಿಸಿದೆ ಎಂಬ ಹೇಳಿಕೆಯನ್ನು ತಾವು: ಬಲವಾಗಿ ಒಪ್ಪುತ್ತೀರಿ, ಒಪ್ಪುತ್ತೀರಿ, ತಟಸ್ಥ, ಒಪ್ಪುವುದಿಲ್ಲ, ಬಲವಾಗಿ ಒಪ್ಪುವುದಿಲ್ಲ." ಓದಿ ಹೇಳಿದೆ. ಯಾಡಿ ಚಾ ಸೋಸುತ್ತಾ ಕೇಳಿಸಿಕೊಂಡಳು.

"ಐತಾರ ಒಪ್ಪತೀನಿ. ಸೋಮವಾರ ಒಪ್ಪಂಗಿಲ್ಲ."

ಯಾಕ ಯಾಡಿ ಅಂದೆ.

"ಐತಾರ ಚಾ ಮಾರತದ. ಸೋಮವಾರ ಗಾಜು ಆರಸತೀನಿ."

ನನ್ನ ಫಾರಮ್ಮಿನಲ್ಲಿ ಐದು ಡಬ್ಬಿ ಇದ್ದವು. ಎರಡು ವಾರಕ್ಕೆ ಎರಡು ಉತ್ತರ ಹಾಕುವ ಡಬ್ಬಿ ಇರಲಿಲ್ಲ. "ತಟಸ್ಥ" ಅಂತ ಟಿಕ್ ಹಾಕಲಿಕ್ಕೆ ಪೆನ್ನು ಎತ್ತಿದೆ, ಅಪ್ಪ ನನ್ನನ್ನೇ ನೋಡುತ್ತಿದ್ದ. ಹಾಕಲಿಲ್ಲ. ಫಾರಮ್ಮಿನ ಅಂಚಿನಲ್ಲಿ ಅವಳ ಮಾತನ್ನೇ ಬರೆದುಕೊಂಡೆ.

ಗಾಜಿನ ಕತೆ ಆಮೇಲೆ ಗೊತ್ತಾಯ್ತು. ಎರಡು ಮಳೆಗಾಲದಿಂದ ಜನ ಜಾಸ್ತಿ. ವನ್ಯಧಾಮದಲ್ಲಿ ಕುಡಿಯೋದು, ಬಾಟಲಿ ಒಡೆಯೋದು ಕಾನೂನಿಗೆ ವಿರುದ್ಧ. ಆದರೆ ಕಾಯುವ ಕಣ್ಣು ಎಲ್ಲೆಲ್ಲಿ ಇದ್ದೀತು? ನೀರಿನಂಚಿನಲ್ಲಿ, ಆಡು ನೀರು ಕುಡಿಯುವ ಕಡೆಯೇ, ಒಡೆದ ಬಾಟಲಿ ಚೂರು. ಹಿಂದಿನ ಚಳಿಗಾಲ ಮೊಮ್ಮಗ ಆಡಿನ ಹಿಂದೆ ಬರಿಗಾಲಲ್ಲಿ ಇಳಿದಿದ್ದ. ಅಂಗಾಲು ಸೀಳಿ ಹೋಯ್ತು. ಚಿಂಚೋಳಿಗೆ ಒಯ್ದು ಹೊಲಿಗೆ ಹಾಕಿಸಿದರು. ಸೊಸೆ ಪುಣೆಯಿಂದ ಬಂದು ಹದಿನೈದು ದಿನ ಕೂತಳು, ಅಷ್ಟು ದಿನದ ಕೂಲಿ ಹೋಯ್ತು. ಹುಡುಗ ಈಗ ಓಡ್ತಾನೆ, ಆದರೆ ಆ ಕಾಲು ಊರುವಾಗ ಹೆಬ್ಬೆರಳು ಸ್ವಲ್ಪ ಎತ್ತಿಕೊಳ್ತಾನೆ.

"ಯಾರೋ ಫೋನಿನ್ಯಾಗ ಹಾಕ್ಯಾರಂತ. ಅದಕ್ಕ ಬರ್ಲಾಕತ್ತಾರ" ಅಂದಳು ಯಾಡಿ.

ನಾನು ಪ್ರಶ್ನೆ ಹದಿನೈದಕ್ಕೆ ಹೋದೆ.

ಆ ರಾತ್ರಿ ರೀಲ್ ಅಳಿಸಿದೆ. ಅಳಿಸಿ ಏನು ಪ್ರಯೋಜನ? ಎತ್ತಿಕೊಂಡವರ ಪೇಜುಗಳಲ್ಲಿ ಅದು ಹಾಗೇ ಇತ್ತು. ಕೆಲವರಿಗೆ ಮೆಸೇಜ್ ಮಾಡಿದೆ. ಒಬ್ಬ ತೆಗೆದ, ಒಬ್ಬ ನಗುವ ಚಿತ್ರ ಕಳಿಸಿದ, ಉಳಿದವರು ನೋಡಲೇ ಇಲ್ಲ. ನನ್ನ ರೀಲ್ ಇಲ್ಲದಿದ್ದರೂ ಜನ ಬರುತ್ತಿದ್ದರು, ಮಳೆ ಚೆನ್ನಾಗಿತ್ತು, ರಸ್ತೆ ಸುಧಾರಿಸಿತ್ತು, ಎಲ್ಲರ ಕೈಲೂ ಕ್ಯಾಮೆರಾ ಇದೆ. ಹೀಗೆಲ್ಲ ನನಗೆ ನಾನೇ ವಾದ ಮಾಡಿಕೊಂಡೆ. ವಾದದಲ್ಲಿ ಹುರುಳಿತ್ತು ಕೂಡ. ಆದರೂ ಮರುದಿನ ಬೇವಿನಮರದ ಕೆಳಗೆ ಕೂತು ಹುಡುಗ ಕಾಲು ಊರುವುದನ್ನು ನೋಡೋದು ಸುಲಭವಾಗಿರಲಿಲ್ಲ.

ಡಿಸೆಂಬರ್ ಕೊನೆಯ ಒಂದು ಭಾನುವಾರ, ಟಿಎಸ್ ನಂಬರಿನ ಕಾರಿನಲ್ಲಿ ನಾಲ್ಕು ಹುಡುಗರು. ನನ್ನ ವಯಸ್ಸಿನವರೇ, ಐಟಿಯವರು, ಬಹಳ ಸಭ್ಯರು. ಖರ್ಚಿನ ಪ್ರಶ್ನೆಗೆ ಪಾಪ ಎಲ್ಲ ಬಿಚ್ಚಿ ಹೇಳಿದರು. ಪೆಟ್ರೋಲು ಹೈದರಾಬಾದಿನಲ್ಲೇ ಫುಲ್ ಟ್ಯಾಂಕ್. ನೀರು, ಚಿಪ್ಸು, ಥರ್ಮಾಕೋಲ್ ತಟ್ಟೆ ಅಲ್ಲಿನ ಸೂಪರ್‌ಮಾರ್ಕೆಟ್ಟು. ಬಿರಿಯಾನಿ ದಾರಿಯಲ್ಲಿ ಜಹೀರಾಬಾದಿನಿಂದ ಪಾರ್ಸೆಲ್. ನಮ್ಮ ತಾಲ್ಲೂಕಿನಲ್ಲಿ ಅವರು ಕೈಬಿಚ್ಚಿದ್ದು ಯಾಡಿಯ ಹತ್ತಿರ ನಾಲ್ಕು ಚಾಕ್ಕೆ, ನಲವತ್ತು ರೂಪಾಯಿ. ಬಿಟ್ಟುಹೋದದ್ದು ಒಂದು ಚೀಲ ಕಸ.

ಇದಕ್ಕೆ ನಮ್ಮ ಪಠ್ಯದಲ್ಲಿ "ಸೋರಿಕೆ" ಅಂತ ಹೆಸರು. ಪ್ರವಾಸಿಯ ದುಡ್ಡು ಊರಿಗೆ ಬಂದಂತೆ ಕಂಡು ಊರಿನಲ್ಲಿ ನಿಲ್ಲದೆ ಹರಿದುಹೋಗೋದು. ಕೇರಳದವರು 2008ರಲ್ಲಿ ಕುಮರಕಂನಲ್ಲಿ ಇದನ್ನೇ ತಡೆಯಲು ಹೊರಟರು. ಹೋಟೆಲ್, ರೆಸಾರ್ಟುಗಳು ತರಕಾರಿಯನ್ನು ದೂರದ ಸಗಟು ಮಾರುಕಟ್ಟೆಯಿಂದ ತರುವ ಬದಲು ಊರಿನ ಕುಟುಂಬಶ್ರೀ ಹೆಂಗಸರಿಂದ ಕೊಳ್ಳಬೇಕು ಅಂತ ಕೂತು ಮಾತಾಡಿದರು. ಬೆಲೆ, ಗುಣಮಟ್ಟ, ಯಾವ ದಿನ ಎಷ್ಟು ಕಿಲೋ ಅನ್ನೋದೆಲ್ಲ ಮೊದಲೇ ಗೊತ್ತುಮಾಡಿಕೊಂಡರು. ಕೇಳಲಿಕ್ಕೆ ಎಷ್ಟು ಸಪ್ಪೆ ಕೆಲಸ ನೋಡಿ, ಸೊಪ್ಪಿನ ಲೆಕ್ಕ. ಪ್ರಶಸ್ತಿ ಬಂದದ್ದು ಆ ಲೆಕ್ಕಕ್ಕೇ. ನಮ್ಮಲ್ಲೂ ಆನೆಗೊಂದಿಯಲ್ಲಿ ಹೆಂಗಸರು ಬಾಳೆನಾರಿನಿಂದ ಬುಟ್ಟಿ-ಚೀಲ ಹೆಣೆದು ಹಂಪಿಗೆ ಬರುವವರಿಗೆ ಮಾರ್ತಾರೆ. ನಮ್ಮ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಆದರೆ ಚಂದ್ರಂಪಳ್ಳಿಗೆ ಬಂದವರ ಬಾಯಿಗೆ ಆ ಬ್ಯಾಳಿ ಬೀಳೋದಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೊಂದು ಬಟ್ಟಲು ಬ್ಯಾಳಿ ಕೊಟ್ಟರೆ ತಿನ್ನುತ್ತೀರಾ ಅಂತ ಆ ಹುಡುಗರನ್ನು ಕೇಳಿದೆ. "ಸಿಗೋದಾದ್ರೆ ಬಿರಿಯಾನಿ ಯಾಕೆ ತರ್ತಿದ್ವಿ?" ಅಂದರು. ಅವರು ಹೇಳಿದ್ದೂ ಸರಿ. ತಾವೇ ಚೀಲ ಕಸ ವಾಪಸ್ ಎತ್ತಿಕೊಂಡು ಹೋದರು ಅಂತಲೂ ಹೇಳಬೇಕು, ನಾನು ಕೇಳಿದ ಮೇಲೆ.

ಧಾರಣಾ ಸಾಮರ್ಥ್ಯದ ಅಧ್ಯಾಯ ನನ್ನ ತಲೆ ತಿಂದಿತು. ಒಂದು ಜಾಗ ಎಷ್ಟು ಜನರನ್ನು ತಾಳಬಲ್ಲದು ಅನ್ನೋ ಲೆಕ್ಕ. ಸಿಫುಯೆಂಟೆಸ್ ಅನ್ನುವವರು 1992ರಲ್ಲಿ ಒಂದು ವಿಧಾನ ಕೊಟ್ಟಿದ್ದಾರೆ. ಮೊದಲು ಜಾಗದ ಅಳತೆ, ಒಬ್ಬರಿಗೆ ಬೇಕಾದ ಜಾಗ, ದಿನಕ್ಕೆ ಎಷ್ಟು ಸರದಿ ಅಂತ ಗುಣಿಸಿ ದೊಡ್ಡ ಸಂಖ್ಯೆ ತೆಗೀಬೇಕು. ಆಮೇಲೆ ಮಳೆ, ಬಿಸಿಲು, ಮಣ್ಣಿನ ಸವಕಳಿ, ಪ್ರಾಣಿಗಳ ತೊಂದರೆ ಅಂತ ಒಂದೊಂದಕ್ಕೂ ಕಡಿತ. ಕೊನೆಗೆ ನೋಡಿಕೊಳ್ಳುವ ಸಿಬ್ಬಂದಿ, ಶೌಚಾಲಯ, ಕಸದ ವ್ಯವಸ್ಥೆ ಎಷ್ಟಿದೆಯೋ ಅಷ್ಟಕ್ಕೆ ಇಳಿಸಬೇಕು. ನಮ್ಮ ಬೇಸಿಗೆಯ ಬಿಸಿಲಿನ ಕಡಿತ ಹಾಕಿದರೆ ಸಂಖ್ಯೆ ಅಲ್ಲೇ ಒಣಗಿ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಈ ಲೆಕ್ಕ ಅಪ್ಪನಿಗೆ ವಿವರಿಸಿದೆ. ಡಬ್ಬಿಯ ರೊಟ್ಟಿ ಮುರಿಯುತ್ತಾ ಕೇಳಿದ.

"ನನ್ ಬಸ್ಸಿಗಿ ಐವತ್ತೈದು ಸೀಟು. ಜಾತ್ರಿ ದಿನ ನೂರಾ ಹತ್ತು ಒಯ್ದೀನಿ. ಬಸ್ಸು ಏನೂ ಅನ್ನಲಿಲ್ಲ. ಬಸ್ಸಿನ್ಯಾಗ ಹತ್ತಿದವರೂ ಏನೂ ಅನ್ನಲಿಲ್ಲ. ಮುಂದಿನ ಸ್ಟಾಪಿನ್ಯಾಗ ನಿಂತಿದ್ದ ಬಸುರಿ ಹೆಣ್ಮಗಳು ಬೈದಳು. ನೀ ಬಂದವರನ್ನೇ ಕೇಳ್ಲಾಕತ್ತಿ."

ಸತ್ಯ. ನನ್ನ ಕಟ್ಟಿನಲ್ಲಿ ಬಂದವರ ಫಾರಮ್ಮು ರಾಶಿ, ತಾಂಡಾದವರದ್ದು ಒಂದು ಕೈಬೆರಳೆಣಿಕೆ. ಅಭಯಾರಣ್ಯದ ಒಳಗೂ ಅಂಚಿನಲ್ಲೂ ತಾಂಡಾಗಳಿವೆ. ಅಲ್ಲಿನವರಿಗೆ ಕಾಡಿನ ಕಾನೂನು, ಸ್ಥಳಾಂತರದ ಮಾತು, ಪಟ್ಟಾ ಇಲ್ಲದ ಹೊಲ, ವರ್ಷದ ಅರ್ಧ ಮುಂಬೈ-ಪುಣೆ-ಹೈದರಾಬಾದ್. ಅವರ ದಿನದಲ್ಲಿ ಈ ಪ್ರವಾಸಿಗರು ಒಂದು ಸಣ್ಣ ವಿಷಯ, ಆದರೆ ಇನ್ನೊಂದು ವಿಷಯ. ಜನವರಿ ಪೂರ್ತಿ ಮನೆಮನೆಗೆ ಹೋದೆ. ಪ್ರಶ್ನಾವಳಿ ಬಿಟ್ಟು ಹೋದೆ.

ಆ ತಿಂಗಳೇ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸಾಲುಗಟ್ಟಿದ ವಿಡಿಯೊ ಎಲ್ಲರ ಫೋನಿಗೂ ಬಂತು, ನೀವೂ ನೋಡಿರಬೇಕು. ಚಾರಣ ನಿಲ್ಲಿಸಿದರು, ಆಮೇಲೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಒಂದು ದಾರಿಗೆ 300 ಮಂದಿ ಅನ್ನೋ ಮಿತಿ. ನಾನು ಡಿಸರ್ಟೇಶನ್ ಟೈಪ್ ಮಾಡುತ್ತಿದ್ದ ಏಪ್ರಿಲ್‌ನಲ್ಲಿ ವೆನಿಸ್ ನಗರ ದಿನದ ಭೇಟಿಗೆ ಬರುವವರಿಂದ 5 ಯೂರೋ ತೆಗೆದುಕೊಳ್ಳಲು ಶುರುಮಾಡಿತು. ಮೇ ತಿಂಗಳಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ಊಟಿ, ಕೊಡೈಕೆನಾಲ್‌ಗೆ ಇ-ಪಾಸ್. ಭೂತಾನ್ ಬಹಳ ಹಿಂದಿನಿಂದಲೂ ದುಬಾರಿ. ವಿದೇಶಿಯರಿಗೆ ದಿನಕ್ಕೆ 200 ಡಾಲರ್ ಇದ್ದದ್ದನ್ನು 2023ರಲ್ಲಿ 100ಕ್ಕೆ ಇಳಿಸಿತು, ನಮಗೆ 1,200 ರೂಪಾಯಿ. ಹಣ ಏರಿಸಿದರೆ ಬಡವ ಮನೆಯಲ್ಲಿ ಉಳೀತಾನೆ, ಬಾಟಲಿ ಒಡೆಯುವವ ಬರ್ತಾನೆ ಅನ್ನೋದು ನನ್ನ ಅನುಮಾನ. ಬಾಟಲಿಯೇನೂ ಬಡವರೇ ಒಡೆಯೋದು ಅಂತಿಲ್ಲವಲ್ಲ.

ನನಗೆ ಹಿಡಿಸಿದ್ದು ನೀಲಗಿರಿಯ ಒಂದು ಸಣ್ಣ ಉಪಾಯ. 2022ರಿಂದ ಅಲ್ಲಿ ಸರ್ಕಾರಿ ಮದ್ಯದಂಗಡಿಯಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ತೆಗೆದುಕೊಳ್ಳುತ್ತಾರೆ, ಖಾಲಿ ಬಾಟಲಿ ತಂದುಕೊಟ್ಟರೆ ವಾಪಸ್. ಕಾಡಿನಲ್ಲಿ ಆನೆಯ ಕಾಲಿಗೆ ಗಾಜು ಚುಚ್ಚೋದು ತಪ್ಪಲಿ ಅಂತ ಹೈಕೋರ್ಟಿನಲ್ಲಿ ಶುರುವಾದದ್ದು ಅದು. ಅಪ್ಪನಿಗೆ ಹೇಳಿದೆ. "ಇದರಾಗ ಹೊಸಾದ್ ಏನದ? ಚಿಲ್ಲರ ಇಲ್ಲಂದ್ರ ಟಿಕೆಟ್ ಹಿಂದ ಬಾಕಿ ಬರೆದು ಕೊಡ್ತಿದ್ದಿಲ್ಲೇನು? ಇಳಿಯೋ ಮುಂದ ಮರೀಲಾರದೆ ಕೇಳ್ತಿದ್ರು. ಹತ್ತು ರೂಪಾಯಿ ಯಾರೂ ಮರ್ಯಂಗಿಲ್ಲ" ಅಂದ.

ಯಾಡಿಗೆ ನಾನು ಹೇಳಿದ್ದು ಫೆಬ್ರುವರಿಯಲ್ಲಿ, ಹೊರಡುವ ಹಿಂದಿನ ದಿನ. ಅಪ್ಪ ಬೇಕಂತಲೇ ಆಚೆ ಹೋಗಿ ಬೀಡಿ ಹಚ್ಚಿದ್ದ. ಆ ಫೋನಿನಲ್ಲಿ ಹಾಕಿದವರಲ್ಲಿ ನಾನೂ ಒಬ್ಬಳು, ಬಹುಶಃ ಮೊದಲನೆಯವಳು ಅಂದೆ. ಬೈಗುಳಕ್ಕೆ ತಯಾರಾಗಿದ್ದೆ.

"ಎಲ್ಲಿ, ತೋರ್ಸು" ಅಂದಳು.

ನನ್ನ ಹತ್ತಿರ ಇರಲಿಲ್ಲ, ಎತ್ತಿಕೊಂಡವನ ಪೇಜಿನಲ್ಲಿ ಹುಡುಕಿ ತೋರಿಸಿದೆ. ಕಣ್ಣ ಹತ್ತಿರ ಹಿಡಿದು ನೋಡಿದಳು. ಮತ್ತೊಮ್ಮೆ ಹಾಕು ಅಂದಳು. ಮೂರನೇ ಸಲ ನೋಡಿದಳು. ಗುಡ್ಡ ಬಂತು, ನೀರು ಬಂತು, ರಸ್ತೆ ತಿರುವು ಬಂತು.

"ಇದರಾಗ ನಾ ಎಲ್ಲಿದೀನಿ?"

ಇರಲಿಲ್ಲ. ಅದು ಅಕಸ್ಮಾತ್ತಲ್ಲ. ಆ ತಿರುವು ತೆಗೆಯುವಾಗ ನೀಲಿ ತಾಡಪತ್ರಿ, ಹೊಗೆ, ಮಸಿ ಹಿಡಿದ ಕೆಟಲ್ಲು ಫ್ರೇಮಿಗೆ ಬರ್ತಿತ್ತು. ಚೆಂದ ಕಾಣಲ್ಲ ಅಂತ ನಾನು ಫೋನನ್ನು ಎರಡು ಹೆಜ್ಜೆ ಎಡಕ್ಕೆ ಸರಿಸಿ ಇನ್ನೊಮ್ಮೆ ತೆಗೆದಿದ್ದೆ. ಅದನ್ನೂ ಹೇಳಿದೆ. ಹೇಳದೆ ಇದ್ದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಯಾಡಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹುಡುಗನನ್ನು ಕರೆದು ಆಡು ಕಟ್ಟು ಅಂದಳು. ಆಮೇಲೆ, "ಅಂಗಡಿ ತೋರ್ಸಿದ್ರ ನಿಂತು ಚಾ ಕುಡೀತಿದ್ರಲ್ಲವ್ವ, ಹಂಗೇ ಹೋಗಿಬಿಟ್ರು ಎಷ್ಟೋ ಮಂದಿ" ಅಂದಳು. ಇಬ್ಬರಿಗೂ ಚಾ ಕೊಟ್ಟಳು. ಆವತ್ತು ದುಡ್ಡು ತೆಗೆದುಕೊಂಡಳು, ಇಪ್ಪತ್ತು ರೂಪಾಯಿ. ಉಳಿದ ದಿನ ಎಷ್ಟು ಕೊಟ್ಟರೂ ತೆಗೆದುಕೊಳ್ಳುತ್ತಿರಲಿಲ್ಲ.

ಈ ಪ್ರಸಂಗವನ್ನು ಡಿಸರ್ಟೇಶನ್‌ನಲ್ಲಿ ಹಾಕಬೇಕೋ ಬೇಡವೋ ಅಂತ ಎರಡು ವಾರ ಒದ್ದಾಡಿದೆ. ಮೇಡಂ ಕೇಳಿ, "ಸಂಶೋಧಕರ ಸ್ಥಾನ ಅಂತ ಒಂದು ಪುಟ ಬರೀತೀವಲ್ಲ, ಎಲ್ಲರೂ ಅಲ್ಲಿ ಸುಳ್ಳು ಬರೀತಾರೆ. ನೀನು ಇದನ್ನು ಬರಿ" ಅಂದರು. ಬರೆದೆ. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಆ ಪುಟ ಬಿಟ್ಟು ನೇರ ಧಾರಣಾ ಸಾಮರ್ಥ್ಯದ ಸಂಖ್ಯೆಗೆ ಹೋದರು. ಆ ಸಂಖ್ಯೆಯನ್ನು ಇಲ್ಲಿ ಬರೆಯಲ್ಲ. ಒಂದು ನೀರಿನಂಚಿಗೆ ಒಬ್ಬ ವಿದ್ಯಾರ್ಥಿನಿ ಹಾಕಿದ ಲೆಕ್ಕ ಅದು, ನಾಳೆ ಯಾರೋ ಬೋರ್ಡು ಬರೆಸಿಬಿಟ್ಟಾರು. "ಶನಿವಾರ-ಭಾನುವಾರಕ್ಕೆ ಒಂದು ಸಂಖ್ಯೆ, ಉಳಿದ ದಿನಕ್ಕೆ ಒಂದು ಯಾಕೆ?" ಅಂತ ಅವರು ಕೇಳಿದಾಗ ಯಾಡಿಯ ಮಾತು ಹೇಳಿದೆ. ನಕ್ಕರು. ಅಂಕ ಚೆನ್ನಾಗಿಯೇ ಕೊಟ್ಟರು.

ಕ್ಯಾಂಪಸ್ ಸಂದರ್ಶನದಲ್ಲಿ ಒಂದು ರೆಸಾರ್ಟ್ ಕಂಪನಿಯವರು ನನ್ನ ವಿಷಯ ನೋಡಿ ಬಹಳ ಆಸಕ್ತಿ ತೋರಿಸಿದರು. ತಾಂಡಾದ ಹೆಂಗಸರನ್ನು ಕರೆಸಿ ರಾತ್ರಿ ಬೆಂಕಿ ಸುತ್ತ ಕುಣಿಸಬಹುದಾ, ಒಬ್ಬರಿಗೆ ಎಷ್ಟು ಕೊಡಬೇಕಾಗುತ್ತೆ ಅಂತ ಕೇಳಿದರು. ಅವರ ಕೋಣೆಯ ಒಂದು ರಾತ್ರಿಯ ಬಾಡಿಗೆಯೆಷ್ಟೋ ಅಷ್ಟು, ಅಂದೆ. ಕೆಲಸ ಸಿಗಲಿಲ್ಲ. ದೊಡ್ಡ ಧೈರ್ಯ ಅಂತ ತಿಳಿಯಬೇಡಿ, ಆಗಲೇ ಇನ್ನೊಂದು ಆಫರ್ ಕೈಯಲ್ಲಿತ್ತು. ಈಗ ಬೆಂಗಳೂರಿನಲ್ಲಿ ಒಂದು ಟ್ರಾವೆಲ್ ಕಂಪನಿಯಲ್ಲಿ ನಿಮ್ಮಂಥವರ ವೀಕೆಂಡ್ ಪ್ಲಾನ್ ಮಾಡಿಕೊಡ್ತೀನಿ. ಪ್ಯಾಕೇಜಿನ ಪಕ್ಕ ಹಸಿರೆಲೆಯ ಗುರುತು ಹಾಕಿದರೆ ಜಾಸ್ತಿ ಕ್ಲಿಕ್ ಆಗುತ್ತೆ ಅಂತ ಮೀಟಿಂಗಿನಲ್ಲಿ ಹೇಳ್ತಾರೆ. ಊಟ ಯಾರ ಮನೆಯದ್ದು, ಕಸ ಯಾರು ಎತ್ತುತ್ತಾರೆ ಅಂತ ನಾನು ಕೇಳ್ತೀನಿ. ಕೆಲವೊಮ್ಮೆ ಗುರುತು ತೆಗೀತಾರೆ. ಕೆಲವೊಮ್ಮೆ ನಾನು ಸುಮ್ಮನಾಗ್ತೀನಿ, ಇಎಂಐ ಇದೆ.

ಚಂದ್ರಂಪಳ್ಳಿ ಪ್ಯಾಕೇಜ್ ಮಾಡು ಅಂತ ಮ್ಯಾನೇಜರ್ ಎರಡು ಸಲ ಹೇಳಿದ್ದಾರೆ. ಇನ್ನೂ ಮಾಡಿಲ್ಲ. ಮಾಡಲ್ಲ ಅಂತಲ್ಲ. ತಾಂಡಾದ ನಾಲ್ಕು ಮನೆಯವರು ಭಾನುವಾರ ರೊಟ್ಟಿ ಊಟ ಕೊಡಲು ಒಪ್ಪಿದ್ದಾರೆ, ಬೆಲೆಯ ಮಾತು ನಡೀತಿದೆ. ನನ್ನ ಅಂದಾಜಿಗಿಂತ ಯಾಡಿ ಜಾಸ್ತಿ ಕೇಳ್ತಿದ್ದಾಳೆ.

ಅಷ್ಟರಲ್ಲಿ ಅಪ್ಪ ತಿರುವಿನಲ್ಲಿ ಒಂದು ತಗಡಿನ ಬೋರ್ಡು ಕಟ್ಟಿದ. ಬಸ್ಸಿನ ಬೋರ್ಡಿನಂತೆ ಹಳದಿಯ ಮೇಲೆ ಕಪ್ಪಕ್ಷರ, ಕನ್ನಡ, ತೆಲುಗು ಎರಡರಲ್ಲೂ. "ಚಾ 10. ಖಾಲಿ ಬಾಟಲಿ ತಂದವರಿಗಿ 8." ರದ್ದಿಯವನು ಬಾಟಲಿಗೆ ಎರಡು ರೂಪಾಯಿ ಕೊಟ್ಟೇ ಕೊಡ್ತಾನೆ ಅನ್ನೋದು ಇಬ್ಬರ ಲೆಕ್ಕ. ನಷ್ಟವಾದ ತಿಂಗಳು ಅಪ್ಪ ಪಿಂಚಣಿಯಿಂದ ತುಂಬಿಕೊಡ್ತಾನಂತ ಅವ್ವ ಗುಟ್ಟಾಗಿ ಹೇಳಿದಳು.

ಪ್ರತಿ ಭಾನುವಾರ ಸಂಜೆ ಏಳಕ್ಕೆ ಅಪ್ಪನ ಫೋನು. ನಾನು ಲ್ಯಾಪ್‌ಟಾಪ್ ಮುಂದೆ, ಆ ಕಡೆ ಬಸ್‌ಸ್ಟ್ಯಾಂಡಿನ ಗದ್ದಲ. ಊಟ ಆಯ್ತಾ ಕೇಳುವ ಮೊದಲೇ ಲೆಕ್ಕ ಒಪ್ಪಿಸ್ತಾನೆ.

"ಬರ್ಕೊ. ಕಾರು ಹದಿನೇಳು, ಟಿಟಿ ಎರಡು. ತಲಿ ತೊಂಬತ್ತೊಂದೂವರಿ. ಬಾಟಲಿ ಮೂವತ್ನಾಕು ಬಂದಾವ. ಬೈಕು ಎಣಿಸಿಲ್ಲ, ಧೂಳಿಗಿ ಕಣ್ಣು ಉರ್ಲಾಕತ್ತಾವ."